ಅಲ್ಲಾಡಿಸಿ ನೋಡೋಕೆ ಎರಡು ಸೆಕೆಂಡು

ಸಿನಿಮಾ ಸೆಟ್‌ನಲ್ಲಿ ಬಂದೂಕು ನೋಡಿಕೊಳ್ಳೋರನ್ನ ಹಾಲಿವುಡ್‌ನಲ್ಲಿ ಆರ್ಮರರ್ ಅಂತಾರೆ. ಆ ಕೆಲಸದಲ್ಲಿ ಕಣ್ಣಿನಷ್ಟೇ ಕಿವಿಯೂ ಬೇಕು. ಕ್ಯಾಮೆರಾಗೆ ಕಾಣಲಿ ಅಂತ ತುಂಬುವ ಡಮ್ಮಿ ಗುಂಡಿನಲ್ಲಿ ಮದ್ದು ಇರೋಲ್ಲ; ಎಷ್ಟೋ ಡಮ್ಮಿಗಳೊಳಗೆ ಒಂದು ಪುಟ್ಟ ಲೋಹದ ಕಾಳು ಇರುತ್ತೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಲಗಿಲ ಅನ್ನಬೇಕು. ಅನ್ನದಿದ್ದರೆ ಅದನ್ನು ಪಕ್ಕಕ್ಕಿಡಬೇಕು. ಒಂದು ಗುಂಡಿಗೆ ಎರಡು ಸೆಕೆಂಡು, ಅಷ್ಟೇ.

2021ರ ಅಕ್ಟೋಬರ್ 21ರಂದು ನ್ಯೂ ಮೆಕ್ಸಿಕೋದಲ್ಲಿ 'ರಸ್ಟ್' ಚಿತ್ರದ ರಿಹರ್ಸಲ್ ನಡೀತಿತ್ತು. 'ಕೋಲ್ಡ್ ಗನ್', ಅಂದರೆ ಬಂದೂಕು ಸುರಕ್ಷಿತ ಅಂತ ಹೇಳಿ ನಟ ಅಲೆಕ್ ಬಾಲ್ಡ್ವಿನ್ ಕೈಗೆ ಅದನ್ನು ಕೊಟ್ಟರು. ಗುಂಡು ಹಾರಿತು. ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು, ನಿರ್ದೇಶಕರಿಗೆ ಗಾಯವಾಯಿತು. ಸೆಟ್‌ನಲ್ಲಿ ಒಟ್ಟು 6 ಅಸಲಿ ಗುಂಡುಗಳು ಡಮ್ಮಿಗಳ ಜೊತೆ ಬೆರೆತಿದ್ದವು.

ಆರ್ಮರರ್‌ಗೆ 2024ರಲ್ಲಿ 18 ತಿಂಗಳ ಶಿಕ್ಷೆ ಆಯಿತು. ಸರಿ, ಆಗಬೇಕಾದದ್ದೇ. ಆ ಎರಡು ಸೆಕೆಂಡು ಅವಳ ಜವಾಬ್ದಾರಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಗೆ ಕತೆ ಮುಗೀತು ಅನ್ನೋರ ಜೊತೆ ನನ್ನ ಜಗಳ. ಆ ರಾಜ್ಯದ ಕಾರ್ಮಿಕ ಸುರಕ್ಷತಾ ಸಂಸ್ಥೆಯ ವರದಿ ನೋಡಿ. ಅದೇ ಸೆಟ್‌ನಲ್ಲಿ ಮೊದಲೇ ಎರಡು ಸಲ ಬಂದೂಕು ತಪ್ಪಿ ಹಾರಿತ್ತು. ಶೂಟಿಂಗ್ ನಿಲ್ಲಲಿಲ್ಲ. ಆರ್ಮರರ್‌ಗೆ ಪ್ರಾಪ್ಸ್ ಕೆಲಸವನ್ನೂ ಹೊರಿಸಿದ್ದರು. ಬಂದೂಕಿನ ಕೆಲಸಕ್ಕೆ ಆ ದರದಲ್ಲಿ ಸಂಬಳ ಎಂಟು ದಿನಕ್ಕೆ ಮಾತ್ರ. ಸಂಸ್ಥೆ ನಿರ್ಮಾಣ ಕಂಪನಿಗೆ 1,36,793 ಡಾಲರ್ ದಂಡ ಹಾಕಿತು. ಕೊನೆಗೆ ರಾಜಿಯಲ್ಲಿ ಅದು ಒಂದು ಲಕ್ಷಕ್ಕೆ ಇಳಿಯಿತು. ಚೌಕಾಸಿ ಅಂದರೆ ಇದು!

'ಹೊಸಬಳು, ಅನುಭವ ಇರಲಿಲ್ಲ' ಅಂತೀರಾ? 1993ರಲ್ಲಿ 'ದಿ ಕ್ರೋ' ಸೆಟ್‌ನಲ್ಲಿ ಬ್ರಾಂಡನ್ ಲೀ ಸತ್ತಿದ್ದು ಹೇಗೆ? ಡಮ್ಮಿಯ ತುದಿಯೊಂದು ನಳಿಗೆಯಲ್ಲಿ ಸಿಕ್ಕಿಕೊಂಡಿತ್ತು, ಯಾರೂ ಒಳಗೆ ಬಗ್ಗಿ ನೋಡಲಿಲ್ಲ, ಆಮೇಲೆ ಹಾಕಿದ ಬ್ಲ್ಯಾಂಕ್ ಅದನ್ನು ಹೊರಗೆ ತಳ್ಳಿತು. ನೋಡಬೇಕಾದವರು ಸ್ಥಳದಲ್ಲಿರಬೇಕು, ಅವರಿಗೆ ಪುರುಸೊತ್ತಿರಬೇಕು, 'ನಿಲ್ಸಿ' ಅಂದರೆ ನಿರ್ಮಾಪಕನೂ ನಿಲ್ಲಿಸಬೇಕು. ಈ ಮೂರೂ ಇಲ್ಲದೆ ಅನುಭವ ಇಟ್ಟುಕೊಂಡು ಏನು ಮಾಡೋದು?

ನಾವೇನು ಬೇರೆಯಾ? 2016ರಲ್ಲಿ 'ಮಾಸ್ತಿಗುಡಿ' ಶೂಟಿಂಗಿಗೆ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹೆಲಿಕಾಪ್ಟರಿನಿಂದ ಹಾರಿದ ಇಬ್ಬರು ನಟರು ಮುಳುಗಿ ಸತ್ತರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ನಮ್ಮ ಆಫೀಸುಗಳಲ್ಲೂ ಅಷ್ಟೆ: ಶುಕ್ರವಾರ ಸಂಜೆ ರಿಲೀಸ್ ತಡೆಯೋ ಟೆಸ್ಟರ್‌ಗೆ ನಾವಿಡೋ ಹೆಸರು 'ನೆಗೆಟಿವ್'. ಅಲ್ಲಿ ಕೆಟ್ಟರೆ ಸರ್ವರ್ ಬೀಳುತ್ತೆ, ಸೆಟ್‌ನಲ್ಲಿ ಮನುಷ್ಯ ಬೀಳ್ತಾನೆ.

ಹಾಗಾಗಿ ಎರಡೇ ಬೇಡಿಕೆ. ಸುರಕ್ಷತೆ ನೋಡೋರಿಗೆ ಎರಡನೇ ಕೆಲಸ ಕೊಡಬೇಡಿ. ಅವರು ನಿಲ್ಲಿಸಿದ ಶಾಟ್‌ನ ಖರ್ಚು ಅವರ ತಲೆಗೆ ಬರೋಲ್ಲ ಅಂತ ಕಾಂಟ್ರಾಕ್ಟಿನಲ್ಲೇ ಬರೆದುಕೊಡಿ. ಬಜೆಟ್ ಇಲ್ಲ ಅಂತೀರಾ? ಹಾಗಾದರೆ ಸೀನ್‌ನಿಂದ ಬಂದೂಕು ತೆಗೀರಿ.