ಹೊರಟಲ್ಲಿಗೇ ಬಂದು ಸೇರುವುದು

ಕಗ್ಗದಾಸಪುರದಲ್ಲಿ ಮನೆ ಮಾಡಿಕೊಂಡಿರುವ ನಮಗೂ ಸಮುದ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಿದರೆ ತಪ್ಪಲ್ಲ. ನಮ್ಮ ಪಾಲಿನ ಜಲರಾಶಿಯೆಂದರೆ ಊರಿನ ಕೆರೆಯೊಂದೇ. ಆದರೂ ಒಂದು ವಾರದಿಂದ ಮನೆಯಲ್ಲಿ ಸಮುದ್ರದ್ದೇ ಮಾತು. ಅಣ್ಣನ ಮಗಳು ನೌಕಾಪಡೆಗೆ ಅರ್ಜಿ ಹಾಕುವೆನೆಂದು ಹಟ ತೊಟ್ಟಿದ್ದಾಳೆ. ನಮ್ಮ ತಾಯಿಯವರು ಕೂಡದೆಂದು ಪಟ್ಟು ಹಿಡಿದಿದ್ದಾರೆ. ಅಣ್ಣ ಎಂದಿನಂತೆ ವೃತ್ತಪತ್ರಿಕೆಯ ಮರೆಯಲ್ಲಿ ಕುಳಿತಿದ್ದಾನೆ. ಅರ್ಜಿಯ ಕಡೆಯ ದಿನ ಹತ್ತಿರವಾಗುತ್ತಿದೆ.

ಹುಡುಗಿಯ ಮನಸ್ಸನ್ನು ಸೆಳೆದದ್ದು ‘ತಾರಿಣಿ’ ಎಂಬ ಹಾಯಿದೋಣಿ. 2017ರ ಸೆಪ್ಟೆಂಬರ್ 10ರಂದು ವರ್ತಿಕಾ ಜೋಶಿಯವರ ನಾಯಕತ್ವದಲ್ಲಿ ಆರು ಮಂದಿ ಮಹಿಳಾ ನೌಕಾಧಿಕಾರಿಗಳು ಅದರಲ್ಲಿ ಗೋವೆಯಿಂದ ಹೊರಟರು. ಆಸ್ಟ್ರೇಲಿಯ, ನ್ಯೂಜಿಲೆಂಡ್, ಫಾಕ್ಲೆಂಡ್ ದ್ವೀಪಗಳು, ಕೇಪ್‌ಟೌನ್‌ಗಳಲ್ಲಿ ತಂಗಿ, ಚುಕ್ಕಾಣಿ ಕೆಟ್ಟಾಗ ಮಾರಿಷಸ್‌ನಲ್ಲಿ ಸರಿಪಡಿಸಿಕೊಂಡು, 2018ರ ಮೇ 21ರಂದು ಗೋವೆಗೇ ಮರಳಿದರು. ಒಟ್ಟು 254 ದಿನಗಳು. 2024ರ ಅಕ್ಟೋಬರ್‌ನಲ್ಲಿ ಅದೇ ದೋಣಿಯಲ್ಲಿ ದಿಲ್ನಾ ಮತ್ತು ರೂಪಾ ಎಂಬ ಅಧಿಕಾರಿಗಳು ಇಬ್ಬರೇ ಹೊರಟು, 2025ರ ಮೇ 29ರಂದು ಪ್ರದಕ್ಷಿಣೆ ಮುಗಿಸಿದರು.

“ಅಷ್ಟೆಲ್ಲ ಸುತ್ತಿ ಕೊನೆಗೆ ಬಂದದ್ದು ಗೋವೆಗೇ ತಾನೆ? ಹೊರಟ ಜಾಗಕ್ಕೇ ಬರುವುದಾದರೆ ಹೊರಡುವುದೇತಕ್ಕಪ್ಪಾ?” ಎಂದರು ತಾಯಿಯವರು.

ಪ್ರಶ್ನೆ ಸಾಮಾನ್ಯವಾದುದಲ್ಲ. ಹೊರಟ ರೇವಿಗೇ ಮರಳಬೇಕೆಂಬುದು ಈ ಯಾನದ ಮೊದಲ ನಿಯಮ. ಎಲ್ಲ ರೇಖಾಂಶಗಳನ್ನೂ ದಾಟಬೇಕು. ಭೂಮಧ್ಯರೇಖೆಯನ್ನು ಹೋಗುವಾಗಲೊಮ್ಮೆ, ಬರುವಾಗಲೊಮ್ಮೆ ದಾಟಬೇಕು. ಕಾಲುವೆಗಳ ಅಡ್ಡದಾರಿ ಹಿಡಿಯಕೂಡದು. ಕ್ರಮಿಸಿದ ದೂರ ಭೂಮಿಯ ಸುತ್ತಳತೆಯಾದ 21,600 ನಾಟಿಕಲ್ ಮೈಲಿಗಿಂತ ಕಡಿಮೆಯಾಗಬಾರದು. ದಕ್ಷಿಣ ಸಾಗರದಲ್ಲಿ ಪಶ್ಚಿಮದಿಂದ ಬಲವಾದ ಗಾಳಿ ಬೀಸುವುದರಿಂದ ದೋಣಿಗಳು ಸಾಮಾನ್ಯವಾಗಿ ಪೂರ್ವಾಭಿಮುಖವಾಗಿ ಸಾಗುತ್ತವೆ. ಪೂರ್ವಕ್ಕೆ ಹೋದಂತೆ ಸೂರ್ಯ ಪ್ರತಿದಿನವೂ ತುಸು ಬೇಗನೆ ಮೂಡುತ್ತಾನೆ. ಹೀಗೆ ಉಳಿದ ನಿಮಿಷಗಳೆಲ್ಲ ಕೂಡಿ, ಸುತ್ತು ಮುಗಿಯುವ ವೇಳೆಗೆ ಒಂದು ಇಡೀ ದಿನವಾಗುತ್ತದೆ. ಮನೆಯಲ್ಲಿ ಕುಳಿತು ಕಾದವರಿಗಿಂತ ಅವರು ಒಂದು ಸೂರ್ಯೋದಯವನ್ನು ಹೆಚ್ಚಾಗಿ ಕಂಡಿರುತ್ತಾರೆ! ಮರಳಿದ ರೇವು ಅದೇ ಆದರೂ, ಮರಳಿದವರು ಹೊರಟಾಗಿನವರಲ್ಲ.

“ಅದೆಲ್ಲ ಕರಾವಳಿಯವರ ಕೆಲಸ. ಬಯಲುಸೀಮೆಯ ಹುಡುಗಿಗೇಕೆ?” ಎಂಬುದು ಮುಂದಿನ ಆಕ್ಷೇಪಣೆ. ಇದಕ್ಕೆ ಉತ್ತರ ನಮ್ಮ ನೆರೆಯಲ್ಲೇ ಇತ್ತು. ಹಲಸೂರು ಕೆರೆಯ ಬಳಿ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರವಿದೆಯಲ್ಲವೆ? ಅದು ಸೇರಿರುವ ಭೂಸೇನೆಯ ಇಂಜಿನಿಯರುಗಳ ದಳವೇ 1985ರಲ್ಲಿ ‘ತೃಷ್ಣಾ’ ಎಂಬ ದೋಣಿಯನ್ನು ಮುಂಬಯಿಯಿಂದ ಹೊರಡಿಸಿ, 1987ರ ಜನವರಿಯಲ್ಲಿ ಮರಳಿ ತಂದಿತು. ಹಾಯಿದೋಣಿಯಲ್ಲಿ ಭೂಮಂಡಲವನ್ನು ಸುತ್ತಿ ಬಂದ ಮೊದಲ ಭಾರತೀಯರು ನೆಲದ ಮೇಲೆ ಸೇತುವೆ ಕಟ್ಟುವ ಸೈನಿಕರು! ಸಮುದ್ರ ಯಾರ ಪಿತ್ರಾರ್ಜಿತವೂ ಅಲ್ಲ.

ತಾಯಿಯವರು ಮಾತನಾಡಲಿಲ್ಲ. ಅವರ ಭಯವೂ ಸುಳ್ಳಲ್ಲ. ತಾರಿಣಿ ಪೆಸಿಫಿಕ್ ಸಾಗರವನ್ನು ದಾಟುವಾಗ ನಲವತ್ತೊಂದು ದಿನ ನೆಲವೇ ಕಾಣಲಿಲ್ಲವಂತೆ. ಅಷ್ಟು ದಿನ ಆರು ಮನೆಗಳಲ್ಲಿ ತಾಯಂದಿರಿಗೆ ನಿದ್ರೆ ಹೇಗೆ ಬಂದೀತು? ದೋಣಿಯ ಸಾಹಸವನ್ನು ಪತ್ರಿಕೆಗಳು ಬರೆಯುತ್ತವೆ. ಕಾದವರ ಸಾಹಸಕ್ಕೆ ದಿನಚರಿಯಿಲ್ಲ.

ಮಾರನೆಯ ಬೆಳಿಗ್ಗೆ ಅಶ್ವತ್ಥಕಟ್ಟೆಯ ಪ್ರದಕ್ಷಿಣೆ ಮುಗಿಸಿ ಬಂದ ತಾಯಿಯವರು ಕುಂಕುಮದ ಬಟ್ಟಲನ್ನು ಕೆಳಗಿಟ್ಟು, ಅಣ್ಣನ ಕೈಯಿಂದ ವೃತ್ತಪತ್ರಿಕೆಯನ್ನು ತೆಗೆದಿರಿಸಿದರು.

“ಆ ಅರ್ಜಿಯ ಕೆಲಸ ಮುಗಿಸಿಬಿಡು. ಆದರೆ ಅವಳಿಗೆ ಒಂದು ಮಾತು ಹೇಳು: ಪ್ರದಕ್ಷಿಣೆಗೆ ಹೊರಟ ಮೇಲೆ ಅರ್ಧಕ್ಕೆ ನಿಲ್ಲಿಸಕೂಡದು.”