ಒಂಬತ್ತು ನಾರಿಯರ ಆನೆ, ಎಶರ್‌ನ ಹಕ್ಕಿ
ಮೂಡುಬಿದಿರೆಯ ಚೌಟರ ಅರಮನೆಯ ಮರದ ಕೆತ್ತನೆಗಳಲ್ಲಿ ನವನಾರಿ ಕುಂಜರ ಹೆಸರಾದದ್ದು: ದೂರದಿಂದ ಆನೆ, ಹತ್ತಿರ ಹೋದರೆ ಒಬ್ಬರಿಗೊಬ್ಬರು ಹೆಣೆದುಕೊಂಡ ಒಂಬತ್ತು ಹೆಂಗಸರು. ಪಂಚನಾರಿ ತುರಗದಲ್ಲಿ ಐವರು ಸೇರಿ ಕುದುರೆಯಾಗಿದ್ದಾರೆ. ಇಡಿಯನ್ನು ಹಿಡಿದ ಕಣ್ಣಿಗೆ ಬಿಡಿ ತಪ್ಪುತ್ತದೆ, ಬಿಡಿಯನ್ನು ಹಿಡಿದರೆ ಇಡಿ. ಡಚ್ ಮುದ್ರಣ ಕಲಾವಿದ ಎಂ. ಸಿ. ಎಶರ್ (1898–1972) ಆಡಿದ್ದೂ ಇದೇ ಆಟ ಎನ್ನುವುದು ಸುಲಭ, ಪೂರ್ತಿ ಸರಿಯಲ್ಲ. ಮೂಡುಬಿದಿರೆಯ ಕೆತ್ತನೆಗಾರನಿಗೆ ಆನೆಯ ಹೊರಗೆರೆ ಮೊದಲೇ ಗೊತ್ತು. ಅದರೊಳಗೆ ಮೈಗಳನ್ನು ಬಾಗಿಸಿ ತುಂಬಬೇಕು (ಅದೇನೂ ಸಣ್ಣ ಕೆಲಸವಲ್ಲ), ಗೆರೆಯಾಚೆ ಉಳಿಯುವುದು ಬರೀ ಮರ. ಎಶರ್ ಆ ಬರೀ ಜಾಗವನ್ನೇ ಉಳಿಸಲಿಲ್ಲ. 1938ರ ‘ಹಗಲು ಮತ್ತು ರಾತ್ರಿ’ ಎಂಬ ಮರದಚ್ಚಿನ ಚಿತ್ರದಲ್ಲಿ ಬಿಳಿ ಹಕ್ಕಿಗಳ ನಡುವಿನ ಸಂದೇ ಕರಿ ಹಕ್ಕಿ. ಒಂದೇ ಗೆರೆ ಎರಡಕ್ಕೂ ಗಡಿ. ಗಣಿತ ಬೇಕಾಗುವುದು ಇಲ್ಲಿ. ಚೌಕದ ಒಂದು ಅಂಚಿನಿಂದ ಕೊರೆದ ತುಣುಕನ್ನು ಎದುರಂಚಿಗೆ ಹಾಗೆಯೇ ಜೋಡಿಸಿದರೆ ಕ್ಷೇತ್ರಫಲ ಬದಲಾಗದು, ಸಂದಿಲ್ಲದೆ ಹಾಸಿಕೊಳ್ಳುವ ಗುಣವೂ ಕೆಡದು. ಆ ಕೊರೆತ ಕೊಕ್ಕೋ ಬಾಲವೋ ಆಗುವಂತೆ ತಿದ್ದುವುದು ಕೈಚಳಕ. ಸಮತಲದಲ್ಲಿ ಇಂಥ ಪುನರಾವರ್ತನೆಗೆ 17 ಬಗೆಯ ಸಮಮಿತಿಗಳಷ್ಟೇ ಸಾಧ್ಯ. ಅವನ್ನು ವಿವರಿಸಿದ ಗಣಿತಜ್ಞ ಜಾರ್ಜ್ ಪೋಲ್ಯರ 1924ರ ಪ್ರಬಂಧದಲ್ಲಿ ಎಶರ್‌ಗೆ ದಕ್ಕಿದ್ದು ಚಿತ್ರಗಳು, ಅದರ ಗಣಿತವಲ್ಲ, ಅಷ್ಟೇ ಸಾಕಾಯಿತು. 1961ರ ‘ಜಲಪಾತ’ ಎಂಬ ಕಲ್ಲಚ್ಚಿನ ಭ್ರಮೆ ಬೇರೆ ಜಾತಿಯದು. ವಿಜ್ಞಾನಿಗಳಾದ ಪೆನ್ರೋಸ್ ತಂದೆ-ಮಗ 1958ರಲ್ಲಿ ಪ್ರಕಟಿಸಿದ ಅಸಾಧ್ಯ ತ್ರಿಕೋನದ ಒಂದೊಂದು ಮೂಲೆಯೂ ಸರಿ, ಮೂರೂ ಕೂಡಿದರೆ ಸುಳ್ಳು. ಆ ತ್ರಿಕೋನವನ್ನೇ ಆಧರಿಸಿ ಎಶರ್ ಬಿಡಿಸಿದ ಸುಳ್ಳಿನ ಕಾಲುವೆಯಲ್ಲಿ ಇಳಿಯುತ್ತಲೇ ಹೋಗುವ ನೀರು ಮತ್ತೆ ಜಲಪಾತದ ತಲೆಗೇ ಬಂದು ಸೇರುತ್ತದೆ.