ತಟಸ್ಥನ ತಕ್ಕಡಿ

ವಠಾರದಲ್ಲಿ ಎರಡು ಮನೆಯವರು ಕಚ್ಚಾಡಿಕೊಂಡರೆ ನಾವು ಮೊದಲು ಆಡುವ ಮಾತು, “ನಮಗೇಕೆ ಈ ಉಸಾಬರಿ?” ಎಂಬುದು. ಮಾತೇನೋ ಪ್ರಾಮಾಣಿಕವಾದದ್ದೇ. ಆದರೆ ಒಬ್ಬರಿಗೆ ಎಂದಿನಂತೆ ಸಕ್ಕರೆ ಕಡ ಕೊಡುತ್ತಿರುತ್ತೇವೆ. ಇನ್ನೊಬ್ಬರು ನಮ್ಮ ಬಾಗಿಲಿಗೆ ಬರುವುದನ್ನೇ ಬಿಟ್ಟಿರುತ್ತಾರೆ. ತಿಂಗಳೊಪ್ಪತ್ತಿನಲ್ಲಿ, ನಮಗೇ ಅರಿವಿಲ್ಲದಂತೆ, ನಾವು ಒಂದು ಪಕ್ಷದವರಾಗಿಬಿಟ್ಟಿರುತ್ತೇವೆ. ರಾಷ್ಟ್ರಗಳ ಬಾಳಿನಲ್ಲಿಯೂ ಹೀಗಾಗುತ್ತದೆಂಬುದಕ್ಕೆ ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕ ಸಿಕ್ಕಿಕೊಂಡ ಬಗೆಯೇ ಒಳ್ಳೆಯ ನಿದರ್ಶನ.

1914ರ ಆಗಸ್ಟಿನಲ್ಲಿ ಯೂರೋಪು ಹೊತ್ತಿಕೊಂಡಾಗ ಅಧ್ಯಕ್ಷ ವುಡ್ರೋ ವಿಲ್ಸನ್ನರು, ತಮ್ಮ ಜನ ಕೃತಿಯಲ್ಲಷ್ಟೇ ಅಲ್ಲದೆ ಆಲೋಚನೆಯಲ್ಲಿಯೂ ನಿಷ್ಪಕ್ಷಪಾತಿಗಳಾಗಿರಬೇಕೆಂದು ಕೇಳಿಕೊಂಡರು. ಹಾಗೆ ಕೇಳಲು ಕಾರಣವೂ ಇತ್ತು. ಇಂಗ್ಲೆಂಡಿನಿಂದ ಬಂದವರು, ಜರ್ಮನಿಯಿಂದ ಬಂದವರು, ಇಂಗ್ಲೆಂಡಿನ ಮೇಲೆ ಮುನಿದ ಐರಿಷರು, ಎಲ್ಲರೂ ಒಂದೇ ಸೂರಿನಡಿ ಬಾಳುತ್ತಿದ್ದ ದೇಶವದು. ಒಂದು ಪಕ್ಷ ಹಿಡಿದರೆ ಮನೆಯೊಳಗೇ ಒಡಕು.

ಆದರೆ ವ್ಯಾಪಾರ ನಿಲ್ಲಲಿಲ್ಲ. ನಿಲ್ಲಿಸಬೇಕೆಂಬ ನಿಯಮವೂ ಇರಲಿಲ್ಲ. ತಟಸ್ಥ ದೇಶದ ವರ್ತಕರು ಇಬ್ಬರಿಗೂ ಮಾರಬಹುದಾಗಿತ್ತು. ತೊಡಕು ಬಂದದ್ದು ದಾರಿಯಲ್ಲಿ. ಸಮುದ್ರ ಬ್ರಿಟನ್ನಿನ ಹತೋಟಿಯಲ್ಲಿತ್ತು. ಅದರ ನೌಕಾಪಡೆ ಜರ್ಮನಿಗೆ ಸರಕು ಹೋಗುವ ಹಾದಿಯನ್ನೇ ಮುಚ್ಚಿತು. ಅಂಗಡಿಯ ಬಾಗಿಲು ಇಬ್ಬರಿಗೂ ತೆರೆದಿತ್ತು, ಗಿರಾಕಿ ಮಾತ್ರ ಒಬ್ಬನೇ. ಎರಡು ವರ್ಷಗಳಲ್ಲಿ ಬ್ರಿಟನ್, ಫ್ರಾನ್ಸ್ ಮೊದಲಾದ ಮಿತ್ರರಾಷ್ಟ್ರಗಳೊಡನೆ ಅಮೆರಿಕದ ವ್ಯಾಪಾರ ಮೂರು ಪಟ್ಟಿಗೂ ಮೀರಿ ಬೆಳೆಯಿತು. ಜರ್ಮನಿಯೊಡನೆ ಇದ್ದದ್ದು ಬತ್ತಿಹೋಯಿತು.

ವ್ಯಾಪಾರದ ಹಿಂದೆಯೇ ಸಾಲ ಬಂದಿತು. ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರು 1914ರಲ್ಲಿಯೇ ಎಚ್ಚರಿಸಿದ್ದರು: ಕಾದಾಡುವವರಿಗೆ ಸಾಲ ಕೊಡುವುದು ನಿಜವಾದ ತಾಟಸ್ಥ್ಯಕ್ಕೆ ಒಪ್ಪುವುದಿಲ್ಲ; ಮದ್ದುಗುಂಡನ್ನು ತರಿಸುವುದೂ ಹಣವೇ ಅಲ್ಲವೆ? ಮೊದಮೊದಲು ಅವರ ಮಾತು ನಡೆಯಿತು. ಆದರೆ ಮರುವರ್ಷ ಕೊಳ್ಳುವವರ ಕೈ ಬರಿದಾಗತೊಡಗಿತು. ಸಾಲ ಕೊಡದಿದ್ದರೆ ಮಾರಾಟ ನಿಲ್ಲುತ್ತದೆ, ಮಾರಾಟ ನಿಂತರೆ ಕಾರ್ಖಾನೆಯವನಿಗೂ ರೈತನಿಗೂ ಹೊಡೆತ. 1915ರ ಅಕ್ಟೋಬರಿನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ಗೆ 50 ಕೋಟಿ ಡಾಲರ್ ಸಾಲ ಹುಟ್ಟಿತು. 1917ರ ಏಪ್ರಿಲ್ ಹೊತ್ತಿಗೆ ಮಿತ್ರರಾಷ್ಟ್ರಗಳಿಗೆ ಸಂದ ಸಾಲ ಸುಮಾರು 230 ಕೋಟಿ ಡಾಲರ್. ಜರ್ಮನಿಗೆ ಸಂದದ್ದು 3 ಕೋಟಿಗೂ ಕಡಿಮೆ. ಯಾರೂ ಪಕ್ಷ ಹಿಡಿದಿರಲಿಲ್ಲ. ಆದರೂ ತಕ್ಕಡಿ ವಾಲಿತ್ತು.

ಮೂರನೆಯದು ಪ್ರಾಣಹಾನಿ. ಬ್ರಿಟನ್ನಿನ ದಿಗ್ಬಂಧನಕ್ಕೆ ಉತ್ತರವಾಗಿ ಜರ್ಮನಿ ಜಲಾಂತರ್ಗಾಮಿಗಳನ್ನು ಬಿಟ್ಟಿತು. 1915ರ ಮೇ 7ರಂದು ಲುಸಿಟೇನಿಯಾ ಎಂಬ ಬ್ರಿಟಿಷ್ ಪ್ರಯಾಣಿಕರ ಹಡಗು ಐರ್ಲೆಂಡಿನ ಬಳಿ ಮುಳುಗಿ ಸುಮಾರು 1,200 ಜನ ಸತ್ತರು. ಅವರಲ್ಲಿ 128 ಮಂದಿ ಅಮೆರಿಕನ್ನರು. ಆ ಹಡಗಿನಲ್ಲಿ ಬಂದೂಕಿನ ತೋಟಾಗಳೂ ಇದ್ದುವು. ಕಾದಾಡುವವರ ಹಡಗನ್ನು ಹತ್ತದಂತೆ ನಮ್ಮವರನ್ನೇ ತಡೆಯೋಣವೆಂದರು ಬ್ರಯನ್. ಪ್ರಜೆಯ ಹಕ್ಕನ್ನು ಬಿಟ್ಟುಕೊಡಲಾಗದು, ದೇಶದ ಮರ್ಯಾದೆಯ ಪ್ರಶ್ನೆ ಎಂದರು ವಿಲ್ಸನ್. ಬ್ರಯನ್ ಜೂನಿನಲ್ಲಿ ರಾಜೀನಾಮೆಯಿತ್ತರು. ಅತ್ತ ಬ್ರಿಟನ್ನೂ ಅಮೆರಿಕದ ಹಕ್ಕುಗಳನ್ನು ಮುರಿಯುತ್ತಲೇ ಇತ್ತು. ಹಡಗುಗಳನ್ನು ತಡೆದು ಅಂಚೆಯನ್ನೂ ಶೋಧಿಸುತ್ತಿತ್ತು. ಆದರೆ ಸರಕು ಹೋದ ಸಿಟ್ಟು ಆರುತ್ತದೆ, ಜೀವ ಹೋದ ಸಿಟ್ಟು ಆರುವುದಿಲ್ಲ.

1916ರ ನವೆಂಬರಿನಲ್ಲಿ ವಿಲ್ಸನ್ನರು ಮತ್ತೆ ಗೆದ್ದರು. ನಮ್ಮನ್ನು ಯುದ್ಧದಿಂದ ದೂರವಿಟ್ಟವರು ಇವರೇ ಎಂಬುದು ಅವರ ಪಕ್ಷದ ಘೋಷಣೆಯಾಗಿತ್ತು. ಐದು ತಿಂಗಳಿಗೇ ಅದು ಮುಗಿಯಿತು. 1917ರ ಫೆಬ್ರವರಿ 1ರಿಂದ ಜರ್ಮನಿ ಯಾವ ಕಟ್ಟುಪಾಡೂ ಇಲ್ಲದೆ ಹಡಗುಗಳನ್ನು ಮುಳುಗಿಸತೊಡಗಿತು. ಅಮೆರಿಕದ ವಿರುದ್ಧ ಮೆಕ್ಸಿಕೋವನ್ನು ಎತ್ತಿಕಟ್ಟಲು ಜರ್ಮನಿಯ ಮಂತ್ರಿ ಸಿಮ್ಮರ್‌ಮಾನ್ ಕಳಿಸಿದ ಗುಪ್ತ ತಂತಿ ಮಾರ್ಚಿ 1ರಂದು ಬಯಲಾಯಿತು. ಏಪ್ರಿಲ್ 6ರಂದು ಯುದ್ಧ ಘೋಷಣೆ. ಕೆಳಮನೆಯಲ್ಲಿ 373 ಮತಗಳು ಪರ, 50 ವಿರೋಧ. ಬೇಡವೆಂದವರಲ್ಲಿ, ಆ ವಾರವಷ್ಟೇ ಸಭೆಗೆ ಕಾಲಿಟ್ಟಿದ್ದ ಪ್ರಥಮ ಮಹಿಳಾ ಸದಸ್ಯೆ ಜೆನೆಟ್ ರ‍್ಯಾಂಕಿನ್ ಒಬ್ಬರು. ಯುದ್ಧ ಮುಗಿಯುವುದರೊಳಗೆ ಅಮೆರಿಕ ಲಕ್ಷಕ್ಕೂ ಮೀರಿ ಯೋಧರನ್ನು ಕಳೆದುಕೊಂಡಿತು.

ಹಾಗಾದರೆ ಸಾಲ ಕೊಟ್ಟವರೇ ಯುದ್ಧ ತಂದರೆಂದು ಹೇಳೋಣವೆ? ಅಷ್ಟು ಸುಲಭವಲ್ಲ. ಕೊನೆಯ ಏಟು ಜರ್ಮನಿಯದೇ. ಆದರೆ ಅಮೆರಿಕದ ಸರಕು ಶತ್ರುವಿನ ಊರುಗೋಲಾಗಿರದಿದ್ದರೆ ಜರ್ಮನಿ ಆ ಸಾಹಸಕ್ಕೆ ಇಳಿಯುತ್ತಿತ್ತೇ ಎಂದು ಕೇಳಬೇಕಾಗುತ್ತದೆ. ನಾರ್ವೆ ತನ್ನ ವ್ಯಾಪಾರದ ಹಡಗುಗಳಲ್ಲಿ ಸುಮಾರು ಅರ್ಧವನ್ನು ಕಳೆದುಕೊಂಡೂ ಕಡೆಯವರೆಗೆ ಯುದ್ಧಕ್ಕಿಳಿಯಲಿಲ್ಲ. ಚಿಕ್ಕ ದೇಶ ಅವಮಾನವನ್ನು ನುಂಗಿಕೊಂಡಿತು. ದೊಡ್ಡ ದೇಶಕ್ಕೆ ಅದು ಗಂಟಲಲ್ಲಿ ಇಳಿಯಲಿಲ್ಲ.

ನಮಗೆ ಇಲ್ಲಿ ನೆನಪಾಗುವುದು ಇನ್ನೊಂದು ಮಾತು. ಅಮೆರಿಕಕ್ಕೆ ಎರಡೂವರೆ ವರ್ಷ ಯೋಚಿಸುವ ಅವಕಾಶವಿತ್ತು. 1914ರಲ್ಲಿ ಭಾರತವನ್ನು ಕೇಳಿದವರೇ ಇಲ್ಲ. ಲಂಡನ್ನಿನ ಯುದ್ಧವೇ ನಮ್ಮ ಯುದ್ಧವಾಯಿತು. 1918ರ ಸೆಪ್ಟೆಂಬರಿನಲ್ಲಿ ಮೈಸೂರಿನ ಕುದುರೆ ಸವಾರರು ಹೈಫಾ ಊರಿನ ಕಾಳಗಕ್ಕೆ ನುಗ್ಗಿದ್ದು ಹಾಗೆಯೇ. ಆಯ್ದುಕೊಳ್ಳುವ ಸ್ವಾತಂತ್ರ್ಯದ ಬೆಲೆ ಅದಿಲ್ಲದೆ ಬಾಳಿದವರಿಗೆ ಚೆನ್ನಾಗಿ ಗೊತ್ತು. ಅದು ಇರುವಾಗ, ಘೋಷಣೆಯ ದಿನಕ್ಕಾಗಿ ಕಾಯದೆ, ಮೊದಲ ಸೇರು ಸಕ್ಕರೆ ಅಳೆಯುವಾಗಲೇ ತಕ್ಕಡಿಯ ಮುಳ್ಳನ್ನು ನೋಡುವುದು ಲೇಸು.